ಹರಿಗೋಲಿನ ಲೆಕ್ಕ

ಐರಣಿ ಅಂದರೆ ನಮ್ಮ ಕಡೆಯವರಿಗೆ ತುಂಗಭದ್ರೆ, ಹೊಳೆಮಠ, ಹಳೇ ಕೋಟೆ. ನನಗೆ ಮಾತ್ರ ಆ ಹೊಳೆ ಕಂಡಾಗಲೆಲ್ಲ ಆಫೀಸಿನ ಕೆಲಸ ನೆನಪಾಗುತ್ತೆ :-) ನಿಲ್ಲದೆ ಹರಿದು ಬರುವ ಮಾಹಿತಿಯನ್ನು ಹತ್ತಾರು ಕಂಪ್ಯೂಟರ್‌ಗಳಿಗೆ ಹಂಚಿ, ಬಂದ ಬಂದ ಹಾಗೇ ಲೆಕ್ಕ ಹಾಕಿಸುವುದು ನನ್ನ ಕೆಲಸ. ಅಲ್ಲಿ ಯಾವಾಗಲೂ ಎರಡು ಪ್ರಶ್ನೆ. ಒಂದು ಸಂದೇಶ ದಾಟಲು ಎಷ್ಟು ಹೊತ್ತು? ಅದು ಲೇಟೆನ್ಸಿ. ಗಂಟೆಗೆ ಎಷ್ಟು ಸಂದೇಶ ದಾಟುತ್ತವೆ? ಅದು ಥ್ರೂಪುಟ್. ಒಂದನ್ನು ಸರಿ ಮಾಡಿದರೆ ಇನ್ನೊಂದೂ ಸರಿಹೋಯಿತು ಅಂದುಕೊಳ್ಳುವವರೇ ಹೆಚ್ಚು. ಹಾಗಲ್ಲ ಅನ್ನೋದಕ್ಕೆ ನಮ್ಮ ಹೊಳೆಯ ಚರಿತ್ರೆಯೇ ಸಾಕ್ಷಿ.

ಹೊಳೆ ದಾಟಿಸುವುದು ಇಲ್ಲಿ ಬಹಳ ಹಳೆಯ ಕಸುಬು. ಇದೇ ತಾಲ್ಲೂಕಿನ ಚೌಡಯ್ಯದಾನಪುರಕ್ಕೆ 12ನೇ ಶತಮಾನದ ಅಂಬಿಗರ ಚೌಡಯ್ಯನ ಹೆಸರಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇದೇ ನದಿಯ ಹರಿಗೋಲುಗಳನ್ನು ನೋಡಿ ಬರೆದಿಟ್ಟಿದ್ದಾನೆ: ಬುಟ್ಟಿಯ ಹಾಗೆ ದುಂಡಗೆ, ಹೊರಗೆ ತೊಗಲು, ಹಿಡಿಸುವುದು ಹದಿನೈದಿಪ್ಪತ್ತು ಜನ, ಹೋಗುವಾಗ ಸುತ್ತುತ್ತಲೇ ಹೋಗುತ್ತವೆ.

ಮುಂದೆ 1800ರಲ್ಲಿ ಧೋಂಡಿಯ ವಾಘನ ಬೆನ್ನು ಹತ್ತಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಜೂನ್‌ನಲ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿದ. ಐರಣಿ, ರಾಣೆಬೆನ್ನೂರು ಕೋಟೆಗಳು ಕಂಪನಿ ಪಾಲಾದವು. ಅದೇ ದಂಡಯಾತ್ರೆಯಲ್ಲಿ ಮಲಪ್ರಭೆ ತುಂಬಿ ಬಂದಾಗ ದೋಣಿ ಕಟ್ಟಿಸಿಕೊಂಡು ದಾಟಬೇಕಾಯಿತು. ಶತ್ರು ಕಣ್ಣೆದುರಿಗಿದ್ದರೂ ಸೈನ್ಯ ಎಷ್ಟು ಬೇಗ ಆಚೆ ದಡ ಸೇರುತ್ತೆ ಅನ್ನೋದನ್ನು ಹೊಳೆಯೇ ತೀರ್ಮಾನಿಸುತ್ತಿತ್ತು.

ಈಗ ಒಂದು ಲೆಕ್ಕ ಹಾಕೋಣ. ಅಂಕಿಗಳು ನನ್ನವೇ. ಒಂದು ಹರಿಗೋಲಿಗೆ 20 ಜನ, ಹೋಗಿ ಬರಲು 40 ನಿಮಿಷ. ಅಂದರೆ ಗಂಟೆಗೆ 30 ಜನ. ಹತ್ತು ಹರಿಗೋಲು ಬಿಟ್ಟರೆ 300. ಥ್ರೂಪುಟ್ ಹತ್ತು ಪಟ್ಟಾಯಿತು. ಆದರೆ ಹರಿಗೋಲು ಹತ್ತಿ ಕೂತವನಿಗೆ ಹೊಳೆ ಮೊದಲಿನಷ್ಟೇ ಅಗಲ, ಹಿಡಿಯುವ ಹೊತ್ತೂ ಅಷ್ಟೇ! ಇನ್ನು ಹತ್ತುವ ಜಾಗದಲ್ಲಿ ಒಮ್ಮೆಗೆ ಎರಡೇ ಹರಿಗೋಲು ನಿಲ್ಲಬಹುದು, ಜನ ತುಂಬಲು 5 ನಿಮಿಷ ಬೇಕು ಅನ್ನಿ. ಆಗ ಗಂಟೆಗೆ 480 ಜನರೇ ಮಿತಿ. ಹದಿನಾರು ಹರಿಗೋಲಿಗೆ ಅದು ಮುಗಿಯಿತು, ಹದಿನೇಳನೆಯದು ತಂದರೆ ಅದೂ ಸಾಲಿನಲ್ಲಿ ಕಾಯುತ್ತೆ. ಗಂಟೆಗೆ 500 ಜನ ಬರುತ್ತಿದ್ದರೆ? ಹತ್ತು ಗಂಟೆಯಲ್ಲಿ ದಡದ ಮೇಲೆ 200 ಜನ ಉಳಿಯುತ್ತಾರೆ. ಕೊನೆಯವನಿಗೆ ಬರೀ ಕಾಯುವುದೇ 25 ನಿಮಿಷ. ಸಾಲಿನ ಉದ್ದ, ಬರುವ ವೇಗ, ಕಾಯುವ ಹೊತ್ತು ಈ ಮೂರರ ನಂಟನ್ನು 1961ರಲ್ಲಿ ಜಾನ್ ಲಿಟಲ್ ಗಣಿತದಲ್ಲಿ ಸಾಧಿಸಿ ತೋರಿಸಿದ. ನಮ್ಮ ಅಂಬಿಗರು ಅದನ್ನು ದಿನಾ ಕಣ್ಣಾರೆ ಕಂಡಿದ್ದರು.

2011ರಲ್ಲಿ ಎಲ್ಲರಿಗೂ ಮುಕ್ತವಾದ ಕಾಫ್ಕಾದಲ್ಲೂ ಇದೇ ಕಥೆ ನೋಡಿ. ಅಲ್ಲಿ ಸಂದೇಶಗಳನ್ನು ಪಾರ್ಟಿಶನ್‌ಗಳಾಗಿ ಹಂಚುತ್ತಾರೆ. ಒಂದು ಗುಂಪಿನಲ್ಲಿ ಒಂದು ಪಾರ್ಟಿಶನ್ನನ್ನು ಒಬ್ಬನೇ ಓದಬೇಕು. ಪಾರ್ಟಿಶನ್ ಎಂಟಿದ್ದರೆ ಒಂಬತ್ತನೇ ಕಂಪ್ಯೂಟರ್ ಕೈಕಟ್ಟಿ ಕೂರುತ್ತೆ. ಸ್ಪಾರ್ಕ್ ಸ್ಟ್ರೀಮಿಂಗ್ ಸಂದೇಶಗಳನ್ನು ಸಣ್ಣ ಸಣ್ಣ ಕಂತಾಗಿ ಕೂಡಿಸಿ ಸಾಗಿಸುತ್ತಿತ್ತು, ಜನ ಸೇರಲಿ ಅಂತ ನಿಂತ ಹರಿಗೋಲಿನ ಹಾಗೆ. ಪ್ರತಿ ಸಂದೇಶಕ್ಕೂ ತಗಲುವ ಖರ್ಚು ಕಡಿಮೆ, ಆದರೆ ಮೊದಲು ಹತ್ತಿದವನು ಕಾಯಬೇಕು. ಸ್ಟಾರ್ಮ್ ಬಂದವರನ್ನು ಒಬ್ಬೊಬ್ಬರಾಗಿ ಸಾಗಿಸುತ್ತಿತ್ತು. ಬೇಗ ನಿಜ, ಆದರೆ ಪ್ರತಿಯೊಬ್ಬರಿಗೂ ಹುಟ್ಟು ಹಾಕುವ ಶ್ರಮ ಬೇರೆ. ಯಾವುದು ಮೇಲು? ದಾಟುವವನ ತುರ್ತು ಏನು ಅಂತ ಕೇಳದೆ ಹೇಳಲು ಬರುವುದಿಲ್ಲ.

1868ರಲ್ಲಿ ಹರಿಹರದ ಸೇತುವೆ ಮುಗಿದಾಗ ಎರಡೂ ಲೆಕ್ಕ ಒಟ್ಟಿಗೆ ಬದಲಾದವು. ಅದು ಹರಿಗೋಲು ಹೆಚ್ಚಿಸಿ ಬಂದ ಫಲವಲ್ಲ, ದಾಟುವ ರೀತಿಯನ್ನೇ ಬದಲಿಸಿದ್ದರ ಫಲ.

ಇದೆಲ್ಲ ಬರೀ ಕಂಪ್ಯೂಟರ್ ಮಂದಿಯ ಚಿಂತೆ ಅನ್ನಬೇಡಿ. ಮಳೆಗಾಲದಲ್ಲಿ ಗಾಜನೂರಿನ ತುಂಗಾ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟುಗಳಿಂದ ಬಿಟ್ಟ ನೀರು ಕೂಡಲಿಯಲ್ಲಿ ಸೇರಿ, ಹೊನ್ನಾಳಿ ದಾಟಿ ನಮ್ಮ ದಡಕ್ಕೆ ಬರುತ್ತೆ. ನೀರಿನ ಮಟ್ಟದ ಲಕ್ಷಾಂತರ ಅಳತೆಗಳನ್ನು ನುಂಗಿ ಅರಗಿಸಿಕೊಳ್ಳುವ ವ್ಯವಸ್ಥೆ ಕಟ್ಟಬಹುದು. ಅದರ ಎಚ್ಚರಿಕೆ ನೀರು ಬಂದ ಮೇಲೆ ಬಂದರೆ ಐರಣಿಯ ದಡದಲ್ಲಿ ಗದ್ದೆ ಇರುವವನಿಗೆ ಏನು ಉಪಯೋಗ? ದಿನಕ್ಕೆ ಎಷ್ಟು ಅಳತೆ ದಾಟಿದವು ಅಂತ ಅವನು ಕೇಳುವುದಿಲ್ಲ. ಹೊಳೆ ಬರುವ ಮೊದಲು ಪಂಪ್‌ಸೆಟ್ ಮೇಲೆತ್ತಿ ಇಡಲು ಹೊತ್ತು ಸಿಗುತ್ತಾ ಅನ್ನೋದಷ್ಟೇ ಅವನ ಪ್ರಶ್ನೆ.