ಭೂಸೇನೆಯ ಹೆಲಿಕಾಪ್ಟರ್ ಪಡೆ: ಬಲ ಎಲ್ಲಿದೆ, ಕೊರತೆ ಎಲ್ಲಿದೆ

ಭಾರತದ ಭೂಸೇನೆಯಲ್ಲಿ ಆರ್ಮಿ ಏವಿಯೇಷನ್ ಕೋರ್ ಪ್ರತ್ಯೇಕ ದಳವಾಗಿ ರೂಪುಗೊಂಡದ್ದು 1986ರ ನವೆಂಬರ್ 1ರಂದು. ಆದರೆ ಅದರ ಬೇರು ಇರುವುದು ಫಿರಂಗಿ ದಳದಲ್ಲಿ. ಎರಡನೆಯ ಮಹಾಯುದ್ಧದ ಕಾಲದ ‘ಏರ್ ಒ.ಪಿ.’ ಪದ್ಧತಿಯಲ್ಲಿ ಫಿರಂಗಿ ದಳದ ಅಧಿಕಾರಿಯೇ ಆಸ್ಟರ್ ಎಂಬ ಪುಟ್ಟ ವಿಮಾನವನ್ನು ಹಾರಿಸುತ್ತ, ಗುಂಡು ಎಲ್ಲಿ ಬಿತ್ತು, ಗುರಿಯನ್ನು ಎಷ್ಟು ಸರಿಸಬೇಕು ಎಂದು ಕೆಳಗಿನ ತೋಪುಗಳಿಗೆ ರೇಡಿಯೊದಲ್ಲಿ ತಿಳಿಸುತ್ತಿದ್ದ. 1947ರಲ್ಲಿ ಭಾರತದ ಪಾಲಿಗೆ ಬಂದದ್ದು ಇದೇ ವ್ಯವಸ್ಥೆ. ಮುಂದೆ ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಕೃಷಕ್ ವಿಮಾನ ಬಂತು. ಆಮೇಲೆ ಅಲ್ಲಿಯೇ ಫ್ರೆಂಚ್ ಪರವಾನಗಿಯಲ್ಲಿ ತಯಾರಾದ ಚೇತಕ್ ಮತ್ತು ಚೀತಾ ಹೆಲಿಕಾಪ್ಟರ್‌ಗಳು ಬಂದವು. ನೆಲದ ಕಾಳಗ ಬಲ್ಲವನೇ ಮೇಲಿನಿಂದ ನೋಡಬೇಕೆಂಬ ತಿಳಿವಳಿಕೆ ಮಾತ್ರ ಇಷ್ಟೂ ಕಾಲ ಉಳಿದುಕೊಂಡು ಬಂತು. ಈ ಪಡೆಯ ನಿಜವಾದ ಬಲ ಅದರಲ್ಲಿದೆಯೇ ಹೊರತು ದಾಳಿಯ ಹೆಲಿಕಾಪ್ಟರ್‌ಗಳಲ್ಲಿ ಅಲ್ಲ ಎಂಬುದು ನನ್ನ ವಾದ.

ಇದಕ್ಕೆ ಸಿಯಾಚಿನ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1984ರ ಏಪ್ರಿಲ್ 13ರಂದು ಬಿಲಾಫೊಂಡ್ ಲಾ ಕಣಿವೆಯ ಬಳಿ ಯೋಧರನ್ನು ಇಳಿಸಿದ್ದು ಚೀತಾಗಳೇ. ಚೀತಾದ ಮೂಲ ಮಾದರಿಯಾದ ಲಾಮಾ 1972ರಲ್ಲಿ 12,442 ಮೀಟರ್ ಎತ್ತರಕ್ಕೇರಿ ದಾಖಲೆ ಬರೆದಿತ್ತು. ಹಗುರ ಮೈ, ಬಲವಾದ ಎಂಜಿನ್ ಅದರ ಗುಟ್ಟು. ಆದರೂ ತೆಳುಗಾಳಿಯ ತುತ್ತತುದಿಯ ಠಾಣೆಗಳಲ್ಲಿ ಅದು ಒಮ್ಮೆಗೆ ಹೊರಬಲ್ಲದ್ದು ಒಂದೆರಡು ಕ್ಯಾನ್ ಸೀಮೆಎಣ್ಣೆ, ಇಲ್ಲವೇ ಕೆಳಗಿಳಿಸಬೇಕಾದ ಒಬ್ಬ ಗಾಯಾಳು. ಆ ಅಲ್ಪ ಭಾರದ ಮೇಲೆಯೇ ಅಲ್ಲಿನ ಸೈನಿಕರ ಜೀವ ನಿಂತಿದೆ.

ಸಂಘಟನೆಯ ಪ್ರಶ್ನೆ ಮಾತ್ರ ಸುಲಭದಲ್ಲಿ ಬಗೆಹರಿಯಲಿಲ್ಲ. 1986ರಲ್ಲಿ ಹಗುರ ಹೆಲಿಕಾಪ್ಟರ್‌ಗಳು ಭೂಸೇನೆಗೆ ಬಂದವು, ದೊಡ್ಡವು ವಾಯುಪಡೆಯಲ್ಲೇ ಉಳಿದವು. ದಾಳಿಯ ಮಿ-25, ಮಿ-35ಗಳನ್ನು ಹಾರಿಸುವುದು ವಾಯುಪಡೆ, ಕಾರ್ಯಾಚರಣೆಯ ಹತೋಟಿ ಭೂಸೇನೆಯದು ಎಂಬ ಇಬ್ಬಗೆಯ ಏರ್ಪಾಡು ಬಂತು. 2003ರಲ್ಲಿ ನಾಸಿಕ್‌ನಲ್ಲಿ ಭೂಸೇನೆಯದೇ ತರಬೇತಿ ಶಾಲೆ ಶುರುವಾಯಿತು. ಮುಂದೆ ಕೊಳ್ಳುವ ದಾಳಿ ಹೆಲಿಕಾಪ್ಟರ್‌ಗಳು ಭೂಸೇನೆಗೇ ಸೇರಬೇಕೆಂದು 2012ರಲ್ಲಿ ಸರ್ಕಾರ ನಿರ್ಧರಿಸಿತು. ಇರುವ ಕೆಲವೇ ಯಂತ್ರಗಳನ್ನು ಹಂಚಿದರೆ ಖರ್ಚು ಇಮ್ಮಡಿ, ಬಲ ಅರ್ಧ ಎಂಬುದು ವಾಯುಪಡೆಯ ಕಡೆಯವರ ಆಕ್ಷೇಪ. ಚಿನೂಕ್‌ನಂಥ ಭಾರವಾಹಕಗಳ ಮಟ್ಟಿಗೆ ಇದು ಸರಿಯೇ. ಅವನ್ನು ಒಂದೆಡೆ ಇಟ್ಟು ಬೇಕಾದವರಿಗೆ ಕಳಿಸಬಹುದು. ಗಾಯಾಳುವಿನ ವಿಷಯದಲ್ಲಿ ಹಾಗಲ್ಲ. ಅಲ್ಲಿ ಕರೆ ಹೋದ ಕೂಡಲೇ ಹೊರಡಬೇಕು, ಆ ಕಣಿವೆಯ ಗಾಳಿಯನ್ನು ದಿನವೂ ಕಂಡವನೇ ಹಾರಿಸಬೇಕು.

ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ಮತ್ತು ಡ್ರೋನ್‌ಗಳ ಕಾಲದಲ್ಲಿ ಹೆಲಿಕಾಪ್ಟರ್‌ನ ದಿನ ಮುಗಿಯಿತು ಎನ್ನುವವರೂ ಇದ್ದಾರೆ. ಕಾರ್ಗಿಲ್‌ನಲ್ಲಿ 1999ರ ಮೇ 28ರಂದು ಸ್ಟಿಂಗರ್ ಕ್ಷಿಪಣಿಗೆ ವಾಯುಪಡೆಯ ಮಿ-17 ಬಲಿಯಾಯಿತು. ಮಿ-35ಗಳು ಆ ಎತ್ತರದಲ್ಲಿ ಕಾದಾಡಲಾರದೆ ಹೋದವು. ಎತ್ತರದಲ್ಲೂ ಹೋರಾಡಬಲ್ಲ ಪ್ರಚಂಡ್ ಎಂಬ ದಾಳಿ ಹೆಲಿಕಾಪ್ಟರ್ ಹುಟ್ಟಿದ್ದು ಆ ಪಾಠದಿಂದ. ಜಪಾನ್ 2022ರಲ್ಲಿ ತನ್ನ ದಾಳಿ ಹೆಲಿಕಾಪ್ಟರ್‌ಗಳನ್ನು ಬಿಟ್ಟು ಡ್ರೋನ್‌ಗಳತ್ತ ತಿರುಗಲು ನಿರ್ಧರಿಸಿತು. ಈ ಆಕ್ಷೇಪ ನನಗೂ ತೂಕದ್ದೆನಿಸುತ್ತದೆ, ಆದರೆ ಅದು ತಗಲುವುದು ಗುಂಡು ಹಾರಿಸುವ ಹೆಲಿಕಾಪ್ಟರ್‌ಗೆ. ಹಿಮದ ನಡುವಿನಿಂದ ಮನುಷ್ಯನನ್ನು ಎತ್ತಿ ತರುವ ಹೆಲಿಕಾಪ್ಟರ್‌ಗಲ್ಲ.

ಹಣ ಹರಿದ ದಾರಿ ಮಾತ್ರ ಬೇರೆ. 2025ರ ಮಾರ್ಚ್‌ನಲ್ಲಿ 62,700 ಕೋಟಿ ರೂಪಾಯಿಗೆ 156 ಪ್ರಚಂಡ್‌ಗಳ ಒಪ್ಪಂದವಾಯಿತು, ಅದರಲ್ಲಿ 90 ಭೂಸೇನೆಗೆ. ಅದೇ ವರ್ಷದ ಜುಲೈನಲ್ಲಿ ಭೂಸೇನೆಯ ಮೊದಲ ಮೂರು ಅಪಾಚೆ ದಾಳಿ ಹೆಲಿಕಾಪ್ಟರ್‌ಗಳೂ ಬಂದಿಳಿದವು. ಆದರೆ ಚೀತಾ, ಚೇತಕ್‌ಗಳ ಬದಲಿಗೆ 197 ಹೆಲಿಕಾಪ್ಟರ್ ಕೊಳ್ಳುವ ಟೆಂಡರ್ 2014ರಲ್ಲಿ ರದ್ದಾಯಿತು. ರಷ್ಯಾದ ಕಾ-226ರ ಮಾತುಕತೆ ಕೈಗೂಡಲಿಲ್ಲ. 2016ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಹಗುರ ಬಹೂಪಯೋಗಿ ಹೆಲಿಕಾಪ್ಟರ್‌ಗಾಗಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಕಾರ್ಖಾನೆಯೇ ಎದ್ದು, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಆ ಕಾರ್ಖಾನೆಯಿಂದ ಮೊದಲು ಹೊರಬರಬೇಕಾದದ್ದು ಚೀತಾದ ಉತ್ತರಾಧಿಕಾರಿ. ಪ್ರಚಂಡ್‌ನ ಸರದಿ ಆಮೇಲೆ ಬರಲಿ.