ನಿಡುಗಲ್ಲು ಸೀಮೆಯ ಹಳೆಯ ಕಾರ್ಡುಗಳು : ಉಳಿದುವು, ಉಳಿಯದುವು

ಶಾಸನಗಳಿಂದಲೂ ಕೋಟೆಕೊತ್ತಲಗಳಿಂದಲೂ ನಿಡುಗಲ್ಲು ಸೀಮೆಯ ಅರಸರ ಚರಿತ್ರೆ ನಮಗೆ ತಕ್ಕಮಟ್ಟಿಗೆ ತಿಳಿದಿದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಸಾಮಾನ್ಯ ಸಂಸಾರಗಳ ಚರಿತ್ರೆಗಾದರೋ ಆಧಾರಗಳು ವಿರಳ. ಅಂಥ ವಿರಳ ಆಧಾರಗಳಲ್ಲಿ ಅಟ್ಟದ ಮೇಲೆ ಧೂಳು ಹಿಡಿದಿರುವ ಅಂಚೆಕಾರ್ಡೂ ಒಂದು. ಹಳೆಯ ಕಾರ್ಡುಗಳನ್ನು ಕೊಳ್ಳುವ ಹವ್ಯಾಸಿಗಳು ಸಾಮಾನ್ಯವಾಗಿ ಬೆಲೆ ಕಟ್ಟುವುದು ಮುದ್ರೆಗೆ, ಚಿತ್ರಕ್ಕೆ, ಒಕ್ಕಣೆಗಲ್ಲ. ಆ ಒಕ್ಕಣೆಯನ್ನು ಚರಿತ್ರಕಾರನು ಹೇಗೆ ಓದಬೇಕೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರ ಮಾಡುತ್ತೇವೆ.

ಅಂಚೆಕಾರ್ಡು ಮೊದಲು ಹೊರಟದ್ದು 1869ರಲ್ಲಿ, ಆಸ್ಟ್ರಿಯ-ಹಂಗರಿಯಲ್ಲಿ. ಭಾರತದಲ್ಲಿ ಅದು 1879ರ ಜುಲೈ 1ರಂದು ಬಳಕೆಗೆ ಬಂದಿತು, ಬೆಲೆ ಕಾಲಾಣೆ. ಮೈಸೂರು ಸಂಸ್ಥಾನಕ್ಕೆ ಆಗ ತನ್ನದೇ ಆದ 'ಅಂಚೆ' ಇದ್ದಿತು. 1889ರಲ್ಲಿ ಅದು ಬ್ರಿಟಿಷ್ ಭಾರತದ ವ್ಯವಸ್ಥೆಯಲ್ಲಿ ಸೇರಿಹೋದರೂ ಹೆಸರು ಮಾತ್ರ ಕನ್ನಡಿಗರ ಬಾಯಲ್ಲಿ ನಿಂತಿತು. ಪಾವಗಡದ ನೆಂಟಸ್ತಿಕೆಗಳು ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದ ಮಡಕಶಿರಾ, ಹಿಂದೂಪುರಗಳವರೆಗೂ ಹಬ್ಬಿದ್ದುವು. ಕನ್ನಡ ತೆಲುಗುಗಳೆರಡೂ ನಡೆಯುವ ಈ ಸೀಮೆಯಲ್ಲಿ ಗಡಿಯ ಎರಡು ಮಗ್ಗುಲಿನ ಮನೆಗಳನ್ನು ಹೆಣೆದ ಸಾಧನಗಳಲ್ಲಿ ಈ ಅಗ್ಗದ ಕಾರ್ಡಿಗೆ ಗಣನೀಯವಾದ ಸ್ಥಾನವಿದೆ.

ಓದುವವನಿಗೆ ಎದುರಾಗುವ ಮೊದಲ ತೊಡಕು ಕಾಲನಿರ್ಣಯದ್ದು. ಹಿಂದಿನವರು ಕಾಗದದಲ್ಲಿ ಅನೇಕ ವೇಳೆ ಸಂವತ್ಸರ, ಮಾಸ, ತಿಥಿಗಳನ್ನು ಮಾತ್ರ ಬರೆಯುತ್ತಿದ್ದರು. ಸಂವತ್ಸರವು 60 ವರ್ಷಗಳಿಗೊಮ್ಮೆ ಮರಳಿ ಬರುತ್ತದೆ. 'ಪ್ರಮಾಥಿ' ಎಂದಿರುವ ಕಾರ್ಡು 1879-80ರದೂ ಆಗಬಹುದು, 1939-40ರದೂ ಆಗಬಹುದು. ವಿಕ್ಟೋರಿಯಾ ರಾಣಿಯ ಮುಖವಿದ್ದರೆ ಮೊದಲನೆಯದು. ಜಾರ್ಜ್ ದೊರೆಯದಾದರೆ ಎರಡನೆಯದು. ಹೀಗೆ ಹವ್ಯಾಸಿಯ ಮುದ್ರೆ ಚರಿತ್ರಕಾರನಿಗೂ ಒದಗುತ್ತದೆ.

ಎರಡನೆಯ ತೊಡಕು ಇನ್ನೂ ಗಹನವಾದುದು. ಬಂದ ಕಾರ್ಡನ್ನು ಬಾಗಿದ ಕಬ್ಬಿಣದ ತಂತಿಗೆ ಚುಚ್ಚಿ ತೂಗುಹಾಕುವುದು ನಮ್ಮ ಮನೆಗಳ ಹಳೆಯ ರೂಢಿ. ಹಳೆಯ ಕಾರ್ಡುಗಳ ನಡುವೆ ಕಾಣುವ ತೂತು ಇದರ ಗುರುತು. ಶುಭಕಾರ್ಯದ ಕಾಗದದ ಮೂಲೆಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದರು. ಸಾವಿನ ಸುದ್ದಿ ತಂದ ಕಾಗದವನ್ನಾದರೋ ಓದಿದೊಡನೆ ಹರಿದುಬಿಡುತ್ತಿದ್ದರು, ಅದು ಮನೆಯಲ್ಲಿರಬಾರದು. ಆದುದರಿಂದ ತಂತಿಯಲ್ಲಿ ಉಳಿದುದು ಮದುವೆ, ನಾಮಕರಣ, ಮಳೆಬೆಳೆ, ಸಾಲದ ಮಾತು. 1918ರ ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನದಲ್ಲಿ ಅಪಾರ ಪ್ರಾಣಹಾನಿ ಮಾಡಿತು. ಆದರೆ ಆ ಕಾಳಯುಕ್ತಿ ಸಂವತ್ಸರದ ಕಾರ್ಡುಗಳು ಒಂದು ಮನೆಯಲ್ಲಿ ಕ್ಷೇಮಸಮಾಚಾರವನ್ನೇ ಹೇಳುತ್ತಿದ್ದರೆ, ಆ ಮನೆಗೆ ಆಪತ್ತು ತಟ್ಟಲಿಲ್ಲವೆಂದು ತೀರ್ಮಾನಿಸುವುದು ಶುದ್ಧ ತಪ್ಪು.

ಹಾಗಾದರೆ ಹರಿದುಹೋದುದನ್ನು ತಿಳಿಯುವ ಮಾರ್ಗವೇ ಇಲ್ಲವೆ? ಒಂದು ಮಾರ್ಗ ಇದೆಯೆಂದು ನಮ್ಮ ಅಭಿಪ್ರಾಯ. ಅದು ಒಕ್ಕಣೆಯ ಮೊದಲ ಸಾಲು. 'ತೀರ್ಥರೂಪ', 'ಮಾತೃಶ್ರೀ', 'ಚಿರಂಜೀವಿ' ಮೊದಲಾದ ಸಂಬೋಧನೆಗಳನ್ನು ನಾವು ಬರಿಯ ಶಿಷ್ಟಾಚಾರವೆಂದು ದಾಟಿಹೋಗುತ್ತೇವೆ. ಆದರೆ ವೈಶಾಖದಲ್ಲಿ 'ಸೌಭಾಗ್ಯವತಿ' ಎಂದು ಕರೆಸಿಕೊಂಡ ಹೆಂಗಸು ಕಾರ್ತಿಕದಲ್ಲಿ 'ಗಂಗಾಭಾಗೀರಥಿ ಸಮಾನ'ಳಾಗಿದ್ದರೆ, ನಡುವೆ ಒಂದು ಕಾರ್ಡು ಬಂದು ಹರಿದುಹೋಗಿರುವ ಸಂಭವವುಂಟು. ಸಾವನ್ನು ಹೇಳಿದ ಕಾಗದ ಉಳಿಯದಿದ್ದರೂ ಆ ಸಾವು ಬದಲಿಸಿದ ಒಂದು ಪದ ಉಳಿದಿದೆ.

ಈ ಮಾರ್ಗಕ್ಕೆ ಮಿತಿಗಳೂ ಉಂಟು. ಇಂಥ ಸಂಬೋಧನೆ ಮುಖ್ಯವಾಗಿ ಬ್ರಾಹ್ಮಣ ಮನೆಗಳಲ್ಲಿ ಸಲ್ಲುತ್ತಿದ್ದುದು. ಅಕ್ಷರ ಬಾರದ ಒಕ್ಕಲಿನವರ ಕಾಗದವನ್ನು ಶಾನುಭೋಗರೋ ಉಪಾಧ್ಯಾಯರೋ ತಮಗೆ ರೂಢಿಯಾದ ಒಕ್ಕಣೆಯಲ್ಲಿ ಬರೆದುಕೊಡುತ್ತಿದ್ದರು. ಅಲ್ಲಿಯ ಮಾತು ಯಾರದೆಂದು ಬೇರ್ಪಡಿಸುವುದು ಸುಲಭವಲ್ಲ. ಅಲ್ಲದೆ ಕಾರ್ಡು ಮುಚ್ಚಿಲ್ಲದ ಕಾಗದ, ಹತ್ತು ಜನ ಓದಬಹುದಾದುದು. ಮುಖ್ಯವಾದ ಮಾತನ್ನು 'ಉಳಿದುದು ಮುಖತಃ' ಎಂದು ನಿಲ್ಲಿಸುವ ಪದ್ಧತಿ ಅದರಿಂದಲೇ ಬೆಳೆದಿರಬೇಕು.

ಮೇಲಿನ ವಿಚಾರವೆಲ್ಲ ನಿಂತಿರುವುದು ಒಂದೇ ಆಧಾರದ ಮೇಲೆ : ಒಂದು ಮನೆಯ ಕಾರ್ಡುಗಳು ಒಟ್ಟಾಗಿ, ಬಂದ ಕ್ರಮದಲ್ಲಿ ಇರಬೇಕು. ತಂತಿಯಿಂದ ಕಿತ್ತು ಚೆಲುವಾದುದನ್ನು ಆರಿಸಿ ಬಿಡಿಬಿಡಿಯಾಗಿ ಮಾರಿದಾಗ ಕಾರ್ಡು ಉಳಿಯುತ್ತದೆ, ಸಾಕ್ಷ್ಯ ಅಳಿಯುತ್ತದೆ. ನಮ್ಮ ವಿದ್ಯಾರ್ಥಿಗಳು ತಮ್ಮ ಊರಿನ ಮನೆಗಳಲ್ಲಿ ಇಂಥ ಕಟ್ಟುಗಳನ್ನು ಕಂಡರೆ ಕ್ರಮ ಕೆಡಿಸದೆ ಪ್ರತಿ ಮಾಡಿಕೊಳ್ಳಲಿ. ಮನೆಯವರ ಒಪ್ಪಿಗೆಯಿಲ್ಲದೆ ಹೆಸರುಗಳನ್ನು ಪ್ರಕಟಿಸದಿರಲಿ. ಆ ಕೈಬರಹವನ್ನು ಗುರುತಿಸಿ, ಯಾರು ಯಾರಿಗೇನಾಗಬೇಕೆಂದು ಹೇಳಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಈ ಕೆಲಸವನ್ನು ಮೊದಲು ಅವರ ಬಳಿ ಕುಳಿತು ಆರಂಭಿಸುವುದು ಯುಕ್ತ.