ಮತ್ತೆ ಮತ್ತೆ ಬರೆಯುವ ಅರ್ಜಿ: ಅಮೆರಿಕದ ಆಹಾರ ನೆರವಿನ ಇತಿಹಾಸದ ಒಂದು ಎಳೆ

ನಮ್ಮ ಕೂಟದ ಹಿರಿಯ ಸದಸ್ಯೆಯೊಬ್ಬರು ಪ್ರತಿ ಯುಗಾದಿಗೂ ಪುಳಿಯೋಗರೆ ಮಾಡಿ ತರುತ್ತಿದ್ದರು. ಕಳೆದ ಸಲ ಬರಿಗೈಯಲ್ಲಿ ಬಂದರು. ಕೇಳಿದವರಿಗೆಲ್ಲ ಮಂಡಿನೋವಿನ ಕಾರಣ ಹೇಳಿದರು. ಪತಿಯ ನಿಧನಾನಂತರ ಒಬ್ಬರೇ ವಾಸವಾಗಿರುವ ಅವರಿಗೆ ಸ್ನ್ಯಾಪ್ ಎಂಬ ಸರ್ಕಾರಿ ಆಹಾರ ನೆರವು ದೊರೆಯುತ್ತಿತ್ತೆಂಬುದೂ ಅದು ಎರಡು ತಿಂಗಳ ಹಿಂದೆಯೇ ನಿಂತುಹೋಗಿತ್ತೆಂಬುದೂ ನಮಗೆ ತಿಳಿದದ್ದು ಬಹಳ ತಡವಾಗಿ. ಅವರ ಆದಾಯ ಹೆಚ್ಚಿರಲಿಲ್ಲ, ಮನೆ ಬದಲಾಗಿರಲಿಲ್ಲ. ನವೀಕರಣದ ಪತ್ರ ಜಾಹೀರಾತು ಕಾಗದಗಳ ರಾಶಿಯಲ್ಲಿ ಸೇರಿಹೋಗಿತ್ತು. ಸಂದರ್ಶನಕ್ಕಾಗಿ ದೂರವಾಣಿ ಕರೆ ಬಂದಾಗ, ಗುರುತಿಲ್ಲದ ಸಂಖ್ಯೆಯಿಂದ ಬಂದ ಕರೆ ಎತ್ತಬೇಡಿ ಎಂದು ಮಕ್ಕಳು ಹೇಳಿದ್ದ ಮಾತನ್ನು ಅವರು ಶ್ರದ್ಧೆಯಿಂದ ಪಾಲಿಸಿದ್ದರು. "ಕೊಡೋರೇ ನಿಲ್ಲಿಸಿದ ಮೇಲೆ ನಾನಾಗಿ ಹೋಗಿ ಕೇಳಿದರೆ ಚೆನ್ನಾಗಿರತ್ತೇನಪ್ಪಾ?" ಎಂದರು.

ಹೊಸ ಅರ್ಜಿ ತುಂಬಿಸಲು ಅವರ ಅಡುಗೆಮನೆಯ ಮೇಜಿನ ಮುಂದೆ ಕುಳಿತ ನಮಗೆ ಒಂದು ಪ್ರಶ್ನೆ ಕಾಡಿತು. ಒಮ್ಮೆ ಅರ್ಹರೆಂದು ಒಪ್ಪಿಕೊಂಡವರನ್ನು ಮತ್ತೆ ಮತ್ತೆ ಅರ್ಜಿ ಹಾಕಿಸುವ ಈ ಪದ್ಧತಿ ಎಲ್ಲಿಂದ ಬಂತು? ಊರಿನಲ್ಲಿ ನಾವು ಕಂಡ ಪಡಿತರ ಚೀಟಿ, ಒಮ್ಮೆ ಕೈಗೆ ಬಂದರೆ, ಮೂಲೆ ಹರಿದು ಅಕ್ಷರ ಅಳಿಸುವವರೆಗೂ ನಡೆಯುತ್ತಿತ್ತು. (ಈಗ ಅಲ್ಲಿಯೂ ಬೆರಳಚ್ಚು ಕೊಟ್ಟು ದೃಢೀಕರಿಸಬೇಕು, ಆ ಮಾತು ಬೇರೆ.) ಅಮೆರಿಕದ ಆಹಾರ ನೆರವಿನ ಇತಿಹಾಸವನ್ನು ಈ ಪ್ರಶ್ನೆಯನ್ನಿಟ್ಟುಕೊಂಡು ಓದಿದಾಗ ಕಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಆರಂಭ 1939ರ ಮೇ 16ರಂದು, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ. ಮಹಾ ಆರ್ಥಿಕ ಕುಸಿತದ ಕಾಲ. ರೈತರ ಬಳಿ ಕೊಳ್ಳುವವರಿಲ್ಲದ ಬೆಣ್ಣೆ, ಮೊಟ್ಟೆ, ಹಣ್ಣು. ನಗರಗಳಲ್ಲಿ ಕೆಲಸವಿಲ್ಲದ ಹಸಿದ ಜನ. ಹೆನ್ರಿ ವ್ಯಾಲೇಸ್ ಆಗ ಕೃಷಿ ಕಾರ್ಯದರ್ಶಿ. ಯೋಜನೆಯ ಮೊದಲ ಆಡಳಿತಗಾರ ಮೈಲೋ ಪರ್ಕಿನ್ಸ್. ಸರ್ಕಾರದ ಇತರ ಪರಿಹಾರ ಪಡೆಯುತ್ತಿದ್ದವರು ತಮ್ಮ ಮಾಮೂಲಿ ಆಹಾರ ವೆಚ್ಚದಷ್ಟು ಹಣ ಕೊಟ್ಟು ಕಿತ್ತಳೆ ಬಣ್ಣದ ಚೀಟಿ ಕೊಳ್ಳುತ್ತಿದ್ದರು. ಪ್ರತಿ ಒಂದು ಡಾಲರಿನ ಕಿತ್ತಳೆ ಚೀಟಿಗೆ ಐವತ್ತು ಸೆಂಟಿನ ನೀಲಿ ಚೀಟಿ ಉಚಿತ. ಕಿತ್ತಳೆಗೆ ಯಾವ ಆಹಾರವನ್ನಾದರೂ ಕೊಳ್ಳಬಹುದಿತ್ತು, ನೀಲಿಗೆ ಹೆಚ್ಚುವರಿಯೆಂದು ಸರ್ಕಾರ ಘೋಷಿಸಿದ ಪದಾರ್ಥಗಳು ಮಾತ್ರ. ಸುಮಾರು ನಾಲ್ಕು ವರ್ಷಗಳಲ್ಲಿ 2 ಕೋಟಿ ಜನರನ್ನು ತಲುಪಿದ ಈ ಯೋಜನೆ, ಯುದ್ಧದಿಂದಾಗಿ ಹೆಚ್ಚುವರಿ ಧಾನ್ಯವೂ ನಿರುದ್ಯೋಗವೂ ಕರಗಿದ್ದರಿಂದ 1943ರಲ್ಲಿ ನಿಂತಿತು.

ಹದಿನೆಂಟು ವರ್ಷಗಳ ನಂತರ, 1961ರಲ್ಲಿ, ಅಧ್ಯಕ್ಷ ಕೆನೆಡಿಯವರು ಪ್ರಾಯೋಗಿಕವಾಗಿ ಅದನ್ನು ಮತ್ತೆ ತೆರೆದರು. ವೆಸ್ಟ್ ವರ್ಜೀನಿಯದ ಕಲ್ಲಿದ್ದಲ ಸೀಮೆಯಾದ ಮ್ಯಾಕ್‌ಡವೆಲ್ ಕೌಂಟಿಯಲ್ಲಿ ಮೇ 29ರಂದು ಹದಿನೈದು ಜನರ ಕುಟುಂಬವೊಂದು 95 ಡಾಲರ್ ಮೌಲ್ಯದ ಚೀಟಿಗಳನ್ನು ಪಡೆಯಿತು. 1964ರ ಆಗಸ್ಟ್ 31ರಂದು ಲಿಂಡನ್ ಜಾನ್ಸನ್ ಸಹಿಯೊಂದಿಗೆ ಅದು ಶಾಶ್ವತ ಕಾಯ್ದೆಯಾಯಿತು. ಆದರೆ ಹಣ ಕೊಟ್ಟು ಚೀಟಿ ಕೊಳ್ಳಬೇಕೆಂಬ 1939ರ ಷರತ್ತು ಹಾಗೆಯೇ ಉಳಿಯಿತು. ಕೊಟ್ಟದ್ದಕ್ಕಿಂತ ಹೆಚ್ಚು ಮೌಲ್ಯದ ಚೀಟಿ ಸಿಗುತ್ತಿತ್ತು, ನಿಜ. ಆದರೆ ಮೊದಲು ಕೊಡಲು ಕೈಯಲ್ಲಿ ಕಾಸು ಬೇಕಿತ್ತು. ಮಿಸಿಸಿಪ್ಪಿಯ ಹತ್ತಿ ಸೀಮೆಯಲ್ಲಿ ಯಂತ್ರಗಳು ಬಂದು ಕೂಲಿ ಕಳೆದುಕೊಂಡಿದ್ದ ಕರಿಯ ಕುಟುಂಬಗಳಿಗೆ ಅದೇ ಇರಲಿಲ್ಲ. ಅಲ್ಲಿನ ಕೌಂಟಿಗಳು ಉಚಿತ ಧಾನ್ಯ ವಿತರಣೆಯನ್ನು ಬಿಟ್ಟು ಚೀಟಿ ಪದ್ಧತಿಗೆ ಬದಲಾದಾಗ ನೆರವು ಪಡೆಯುವವರ ಸಂಖ್ಯೆ ಇಳಿಯಿತು. 1967ರ ಏಪ್ರಿಲ್‌ನಲ್ಲಿ ಸೆನೆಟರ್‌ಗಳಾದ ರಾಬರ್ಟ್ ಕೆನೆಡಿ ಮತ್ತು ಜೋಸೆಫ್ ಕ್ಲಾರ್ಕ್ ಆ ಮನೆಗಳೊಳಗೆ ಹೋಗಿ ಮಕ್ಕಳ ಸ್ಥಿತಿಯನ್ನು ಕಣ್ಣಾರೆ ಕಂಡರು. ಬಡವರಿಗಾಗಿಯೇ ಮಾಡಿದ ಯೋಜನೆ ಕಡುಬಡವರನ್ನು ಹೊರಗಿಟ್ಟಿತ್ತು.

ಹತ್ತು ವರ್ಷಗಳ ವಾದದ ನಂತರ, ಡೆಮಾಕ್ರಟಿಕ್ ಪಕ್ಷದ ಜಾರ್ಜ್ ಮೆಕ್‌ಗವರ್ನ್ ಮತ್ತು ರಿಪಬ್ಲಿಕನ್ ಪಕ್ಷದ ಬಾಬ್ ಡೋಲ್ ಕೈಜೋಡಿಸಿದ್ದರಿಂದ, 1977ರ ಕಾಯ್ದೆ ಆ ಷರತ್ತನ್ನು ತೆಗೆದುಹಾಕಿತು. 1979ರ ಜನವರಿ 1ರಿಂದ ಅದು ಜಾರಿಗೆ ಬಂತು. ಆ ಒಂದೇ ತಿಂಗಳಲ್ಲಿ 15 ಲಕ್ಷ ಜನ ಹೊಸದಾಗಿ ಸೇರಿದರು. ಅರ್ಜಿಯನ್ನು 30 ದಿನಗಳೊಳಗೆ ಇತ್ಯರ್ಥಪಡಿಸಬೇಕು, ತೀರಾ ನಿರ್ಗತಿಕರಿಗೆ ಶೀಘ್ರವಾಗಿ ಕೊಡಬೇಕು ಎಂಬ ನಿಯಮಗಳೂ ಅದೇ ಕಾಯ್ದೆಯಿಂದ ಬಂದವು. ಈ ಇತಿಹಾಸದಲ್ಲಿ ನಮಗೆ ಅತ್ಯಂತ ಸಂತೋಷ ಕೊಟ್ಟ ಪುಟ ಇದೇ.

ಹಣದ ಬಾಗಿಲು ತೆರೆದ ಮೇಲೆ ಉಳಿದದ್ದು ಕಾಗದದ ಬಾಗಿಲು. ಈ ನೆರವನ್ನು ಯಾರಿಗೂ ಅನಿರ್ದಿಷ್ಟ ಕಾಲ ಕೊಡುವುದಿಲ್ಲ. ಪ್ರತಿ ಕುಟುಂಬಕ್ಕೂ ಒಂದು ಅರ್ಹತಾ ಅವಧಿ ಇರುತ್ತದೆ. ಅದು ಮುಗಿಯುವ ಮೊದಲು ಮತ್ತೆ ಅರ್ಜಿ ಹಾಕಿ, ಸಂದರ್ಶನ ಮುಗಿಸಿ, ಆದಾಯ ಮತ್ತು ಬಾಡಿಗೆಯ ದಾಖಲೆ ಒದಗಿಸಬೇಕು. ಇಲ್ಲದಿದ್ದರೆ ನೆರವು ತಾನಾಗಿಯೇ ನಿಲ್ಲುತ್ತದೆ. 'ತಾನಾಗಿಯೇ' ಎಂಬ ಮಾತಿಗೆ ನ್ಯಾಯಾಲಯದಲ್ಲಿಯೂ ಒಂದು ಇತಿಹಾಸವಿದೆ. 1970ರ ಗೋಲ್ಡ್‌ಬರ್ಗ್ ಮತ್ತು ಕೆಲ್ಲಿ ಪ್ರಕರಣದಲ್ಲಿ, ವಿಚಾರಣೆ ನಡೆಸದೆ ಬಡವರ ಸರ್ಕಾರಿ ನೆರವನ್ನು ಕಡಿಯುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ಅದರ ಆಧಾರದ ಮೇಲೆ, ಅವಧಿ ಮುಗಿದ ಆಹಾರ ಚೀಟಿಗೂ ಅದೇ ರಕ್ಷಣೆ ಬೇಕೆಂದು ಕೆಲವರು ದಾವೆ ಹೂಡಿದರು. 1983ರಲ್ಲಿ ಬ್ಯಾಂಕ್ಸ್ ಮತ್ತು ಬ್ಲಾಕ್ ಪ್ರಕರಣದಲ್ಲಿ ಆರನೆಯ ವಲಯದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಅರ್ಹತಾ ಅವಧಿಯ ಆಚೆಗೆ ನೆರವಿನ ಮೇಲೆ ಫಲಾನುಭವಿಗೆ ಹಕ್ಕಿಲ್ಲ ಎಂಬುದು ಅದರ ತೀರ್ಮಾನ. ಅಂದರೆ, ಅವಧಿಯ ನಡುವೆ ನಿಲ್ಲಿಸಿದರೆ ಅದು ಕಡಿತ, ಪ್ರಶ್ನಿಸಬಹುದು. ಅವಧಿ ಮುಗಿದು ನಿಂತರೆ ಅದು ಕಡಿತವೇ ಅಲ್ಲ. ಕಾನೂನಿನ ಕಣ್ಣಿಗೆ ಈ ಎರಡರ ನಡುವೆ ಅಗಾಧ ವ್ಯತ್ಯಾಸವಿದೆ. ಅಂಗಡಿಯ ಗಲ್ಲಾ ಮುಂದೆ ಕಾರ್ಡು ನಡೆಯದೆ ನಿಂತವರಿಗೆ ಯಾವ ವ್ಯತ್ಯಾಸವೂ ಇಲ್ಲ.

ಹಾಗಾದರೆ ಅರ್ಹತಾ ಅವಧಿ ಎಷ್ಟು ಉದ್ದವಿರಬೇಕು? ನೋಡಲು ಇದು ಗುಮಾಸ್ತರ ಪ್ರಶ್ನೆ. ನಮ್ಮ ಅಭಿಪ್ರಾಯದಲ್ಲಿ ಕಳೆದ ನಾಲ್ಕು ದಶಕಗಳ ಆಹಾರ ನೀತಿಯ ಬಹುಭಾಗ ಇದರಲ್ಲಿಯೇ ಅಡಗಿದೆ. 1980ರ ದಶಕದ ಆರಂಭದಲ್ಲಿ ರೇಗನ್ ಆಡಳಿತದ ಕಾಯ್ದೆಗಳು ವೆಚ್ಚ ತಗ್ಗಿಸಿದವು. ಬಹಳಷ್ಟು ಕುಟುಂಬಗಳು ತಿಂಗಳು ತಿಂಗಳು ವರದಿ ಸಲ್ಲಿಸಬೇಕೆಂದವು. ತಪ್ಪು ಮೊತ್ತ ಪಾವತಿಸುವ ರಾಜ್ಯಗಳಿಗೆ ದಂಡ ಬಂತು. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. 'ತಪ್ಪು ಪಾವತಿ' ಎಂದರೆ ಮೋಸವಲ್ಲ; ಹೆಚ್ಚು ಕೊಟ್ಟದ್ದೂ ಕಡಿಮೆ ಕೊಟ್ಟದ್ದೂ ಅದರಲ್ಲಿ ಸೇರುತ್ತವೆ. ಆದರೆ ಅರ್ಹ ಕುಟುಂಬವೊಂದು ನವೀಕರಣದಲ್ಲಿ ಜಾರಿ ಹೊರಬಿದ್ದರೆ ಅದು ಆ ಲೆಕ್ಕಕ್ಕೆ ಬರುವುದಿಲ್ಲ. 1990ರ ದಶಕದಲ್ಲಿ ಅನೇಕ ರಾಜ್ಯಗಳು ದುಡಿಯುವ ಕುಟುಂಬಗಳಿಗೆ ಮೂರೇ ತಿಂಗಳ ಅವಧಿ ಕೊಡತೊಡಗಿದವು. ಗಂಟೆಯ ಲೆಕ್ಕದಲ್ಲಿ ದುಡಿಯುವವರು ಕೂಲಿ ಬಿಟ್ಟು ವರ್ಷಕ್ಕೆ ನಾಲ್ಕು ಸಲ ಕಚೇರಿಯ ಸಾಲಿನಲ್ಲಿ ನಿಲ್ಲಬೇಕಾಯಿತು. ತಪ್ಪುಗಳು ಕಡಿಮೆಯಾದವು, ಅವುಗಳೊಂದಿಗೆ ಜನರೂ ಕಡಿಮೆಯಾದರು ಎಂದು ಆಮೇಲಿನ ಸಂಶೋಧನೆಗಳು ತೋರಿಸಿದವು. 1994ರಲ್ಲಿ ಸುಮಾರು 2 ಕೋಟಿ 75 ಲಕ್ಷವಿದ್ದ ಫಲಾನುಭವಿಗಳ ಸಂಖ್ಯೆ 2000ದಲ್ಲಿ 1 ಕೋಟಿ 72 ಲಕ್ಷಕ್ಕೆ ಇಳಿಯಿತು. ಉದ್ಯೋಗಗಳು ಹೆಚ್ಚಿದ್ದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು, ಅದನ್ನು ಮರೆಯಬಾರದು. ಆದರೆ ಅದೊಂದೇ ಅಲ್ಲ.

ವಲಸಿಗರಾದ ನಮಗೆ ಹತ್ತಿರದ ಅಧ್ಯಾಯ 1996ರದು. ಆ ವರ್ಷದ ಆಗಸ್ಟ್ 22ರಂದು ಬಿಲ್ ಕ್ಲಿಂಟನ್ ಸಹಿ ಮಾಡಿದ ಕಲ್ಯಾಣ ಸುಧಾರಣಾ ಕಾಯ್ದೆ, ಹಸಿರು ಕಾರ್ಡು ಹೊಂದಿದ್ದ ಬಹುತೇಕ ವಲಸಿಗರನ್ನು ಆಹಾರ ಚೀಟಿಯಿಂದ ಹೊರಗಿಟ್ಟಿತು. ಅದಾಗಲೇ ನೆರವು ಪಡೆಯುತ್ತಿದ್ದವರನ್ನು ಹೊರಗಿಟ್ಟ ಬಗೆಯನ್ನು ನೋಡಿ: 1997ರಲ್ಲಿ ಅವರು ಎಂದಿನಂತೆ ನವೀಕರಣಕ್ಕೆ ಹೋದಾಗ ಈ ಹೊಸ ನಿಯಮ ಅವರಿಗೆ ಎದುರಾಯಿತು. ಸುಮಾರು 9 ಲಕ್ಷ ಜನ ಹೀಗೆ ನೆರವು ಕಳೆದುಕೊಂಡರೆಂದು ಅಂದಾಜು. 1998ರಲ್ಲಿ ಕೆಲವು ಮಕ್ಕಳಿಗೆ, ವೃದ್ಧರಿಗೆ, ಅಂಗವಿಕಲರಿಗೆ ಮರಳಿ ಕೊಡಲಾಯಿತು. 2002ರ ಕೃಷಿ ಕಾಯ್ದೆ ಐದು ವರ್ಷ ವಾಸವಿದ್ದ ಹಸಿರು ಕಾರ್ಡುದಾರರಿಗೂ, ಯಾವ ಕಾಯುವಿಕೆಯೂ ಇಲ್ಲದೆ ಹದಿನೆಂಟರೊಳಗಿನ ಮಕ್ಕಳಿಗೂ ಬಾಗಿಲು ತೆರೆಯಿತು. ಆದರೆ ಭಯ ಕಾಯ್ದೆಗಿಂತ ದೀರ್ಘಾಯು. 2020ರ ಫೆಬ್ರವರಿಯಿಂದ 2021ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ ನಿಯಮವೊಂದು, ಹಸಿರು ಕಾರ್ಡು ಕೋರುವವರು ಸರ್ಕಾರಕ್ಕೆ ಹೊರೆಯಾಗುವರೇ ಎಂದು ಅಳೆಯುವಾಗ ಆಹಾರ ನೆರವನ್ನೂ ಲೆಕ್ಕಕ್ಕೆ ಹಿಡಿದಿತ್ತು. ಆ ನಿಯಮ ಹೋದ ಮೇಲೂ, ಮಕ್ಕಳ ಹೆಸರಿನ ನವೀಕರಣದ ಪತ್ರವನ್ನು ತೆರೆಯದೆ ಪಕ್ಕಕ್ಕಿಟ್ಟ ಮನೆಗಳನ್ನು ನಾವು ಬಲ್ಲೆವು.

2000ದ ನಂತರ ಗಾಳಿ ಸ್ವಲ್ಪ ಬದಲಾಯಿತು. ಮೂರು ತಿಂಗಳಿಗೊಮ್ಮೆ ಬರುವ ಬದಲು ಆರು ತಿಂಗಳಿಗೊಂದು ಸರಳ ವರದಿ ಸಾಕೆಂದು ರಾಜ್ಯಗಳು ನಿಯಮ ಮಾಡಿಕೊಳ್ಳಬಹುದಾಯಿತು. ಕಾಗದದ ಚೀಟಿಯ ಜಾಗಕ್ಕೆ ಪ್ಲಾಸ್ಟಿಕ್ ಕಾರ್ಡು ಬಂತು. 2008ರ ಅಕ್ಟೋಬರ್‌ನಿಂದ ಯೋಜನೆಗೆ ಸ್ನ್ಯಾಪ್ ಎಂಬ ಹೊಸ ಹೆಸರೂ ಬಂತು. ವೃದ್ಧರು ಮತ್ತು ಅಂಗವಿಕಲರು ಮಾತ್ರವಿರುವ ಮನೆಗಳಿಗೆ 24 ತಿಂಗಳವರೆಗೆ, ಕೆಲವು ರಾಜ್ಯಗಳ ವಿಶೇಷ ಯೋಜನೆಯಲ್ಲಿ 36 ತಿಂಗಳವರೆಗೆ ಅವಧಿ ಸಿಗುತ್ತದೆ. ವಿಚಿತ್ರವೆಂದರೆ, ಅವಧಿ ಉದ್ದವಾದಷ್ಟೂ ಅದರ ಕೊನೆಯ ದಿನ ಮರೆತುಹೋಗುವುದೂ ಸುಲಭ. ನಮ್ಮ ಹಿರಿಯ ಸದಸ್ಯೆಗೆ ಆದದ್ದು ಅದೇ.

ಇದು ಅವರೊಬ್ಬರ ಕಥೆಯಲ್ಲ. ಹೊರಬಿದ್ದು ನಾಲ್ಕು ತಿಂಗಳೊಳಗೆ ಮತ್ತೆ ಒಳಬರುವವರನ್ನು ಕೃಷಿ ಇಲಾಖೆಯ ಅಧ್ಯಯನವೊಂದು ಆರು ರಾಜ್ಯಗಳಲ್ಲಿ ಎಣಿಸಿತು. 2011ರಲ್ಲಿ ಅಂಥವರ ಪ್ರಮಾಣ ರಾಜ್ಯದಿಂದ ರಾಜ್ಯಕ್ಕೆ ಶೇಕಡಾ 17ರಿಂದ 28ರಷ್ಟಿತ್ತು. ಬಹುಪಾಲು ಜಾರಿದ್ದು ನವೀಕರಣದ ಸಮಯದಲ್ಲಿಯೇ. ಸ್ಯಾನ್ ಫ್ರಾನ್ಸಿಸ್ಕೋದ ಇನ್ನೊಂದು ಅಧ್ಯಯನ ಮತ್ತಷ್ಟು ಯೋಚನೆಗೆ ಹಚ್ಚುವಂಥದು. ಅಲ್ಲಿ ಸಂದರ್ಶನದ ದಿನಾಂಕವನ್ನು ಚೀಟಿ ಎತ್ತಿದಂತೆ, ಯಾವ ಕಾರಣವನ್ನೂ ನೋಡದೆ ಗೊತ್ತುಮಾಡಲಾಗುತ್ತಿತ್ತು. ತಿಂಗಳ ಆರಂಭದಲ್ಲಿ ದಿನಾಂಕ ಸಿಕ್ಕವರಿಗಿಂತ ಕೊನೆಯಲ್ಲಿ ಸಿಕ್ಕವರು ಹೆಚ್ಚಾಗಿ ನೆರವು ಕಳೆದುಕೊಂಡರು. ಅಗತ್ಯ ಇಬ್ಬರಿಗೂ ಒಂದೇ. ತಪ್ಪಿದ ಸಂದರ್ಶನವನ್ನು ಮತ್ತೆ ಗೊತ್ತುಪಡಿಸಿಕೊಳ್ಳಲು, ಬಾಕಿ ಕಾಗದ ತಲುಪಿಸಲು ಎರಡನೆಯವರಿಗೆ ದಿನಗಳು ಉಳಿದಿರಲಿಲ್ಲ, ಅಷ್ಟೇ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನ ತುರ್ತು ಕಾಯ್ದೆಯ ಆಧಾರದಲ್ಲಿ, ರಾಜ್ಯಗಳು ಅವಧಿಯನ್ನು ಆರಾರು ತಿಂಗಳು ಮುಂದೂಡಿದವು, ಸಂದರ್ಶನಗಳನ್ನು ಬಿಟ್ಟುಕೊಟ್ಟವು. ಮಾಡಬೇಕೆಂದರೆ ಮಾಡಬಹುದು ಎಂಬುದಂತೂ ಆಗ ತಿಳಿಯಿತು.

ಈಗ ಗಾಳಿ ಮತ್ತೆ ತಿರುಗಿದೆ. 2025ರ ಜುಲೈ 4ರಂದು ಸಹಿಯಾದ ಕಾಯ್ದೆ ನಿರಾಶ್ರಿತರೂ ಸೇರಿದಂತೆ ಕೆಲವು ವರ್ಗಗಳ ವಲಸಿಗರನ್ನು ಸ್ನ್ಯಾಪ್‌ನಿಂದ ಕೈಬಿಟ್ಟಿತು. 1997ರ ಹಾಗೆಯೇ, ಈಗಾಗಲೇ ನೆರವು ಪಡೆಯುತ್ತಿರುವವರಿಗೆ ಅದು ತಾಗುವುದು ನವೀಕರಣದ ಹೊತ್ತಿನಲ್ಲಿ. ಇದಕ್ಕಿಂತ ಕಡಿಮೆ ಸುದ್ದಿಯಾದ ಇನ್ನೊಂದು ಅಂಶ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿದೆ. 1964ರಿಂದಲೂ ಆಹಾರ ನೆರವಿನ ಮೊತ್ತವನ್ನು ಸಂಪೂರ್ಣವಾಗಿ ಕೇಂದ್ರ ಸರ್ಕಾರವೇ ಭರಿಸುತ್ತಿತ್ತು. 2028ರ ಹಣಕಾಸು ವರ್ಷದಿಂದ, ತಪ್ಪು ಪಾವತಿಯ ಪ್ರಮಾಣ ಶೇಕಡಾ 6 ಮುಟ್ಟಿದ ರಾಜ್ಯಗಳು ಆ ಮೊತ್ತದ ಶೇಕಡಾ 5ರಿಂದ 15ರವರೆಗಿನ ಪಾಲನ್ನು ತಾವೇ ಕೊಡಬೇಕು. 1990ರ ದಶಕದ ಮೂರು ತಿಂಗಳ ಅವಧಿ ಇಂಥದೇ ಒತ್ತಡದಲ್ಲಿ ಹುಟ್ಟಿದ್ದನ್ನು ಕಂಡ ಮೇಲೆ, ನಮ್ಮ ರಾಜ್ಯ ಏನು ಮಾಡುತ್ತದೆಂದು ಕಾದು ನೋಡುತ್ತಿದ್ದೇವೆ.

ಹಿರಿಯ ಸದಸ್ಯೆಯ ಅರ್ಜಿ ಮಂಜೂರಾಯಿತು. ಸಂದರ್ಶನದ ದಿನ ನಮ್ಮಲ್ಲಿ ಒಬ್ಬರು ಅವರ ಪಕ್ಕದಲ್ಲಿ ಕುಳಿತಿದ್ದರು. ಕಚೇರಿಯವರು ಉಚಿತವಾಗಿ ದುಭಾಷಿಯನ್ನು ಒದಗಿಸಬೇಕೆಂಬುದು ತಿಳಿದಿದ್ದರಿಂದ ಕನ್ನಡ ಎಂದು ಕೇಳಿದೆವು. ಸ್ವಲ್ಪ ಹೊತ್ತಿನ ನಂತರ ತಂತಿಯ ಆ ತುದಿಯಲ್ಲಿ ಕನ್ನಡದ ದನಿ ಬಂತು. "ಯಾವ ಊರಮ್ಮ ನಿಮ್ಮದು?" ಎಂದು ಅಮ್ಮನವರು ಮೊದಲು ದುಭಾಷಿಯನ್ನೇ ಸಂದರ್ಶನ ಮಾಡಿದರು. ಅವಧಿಯ ಕೊನೆಯ ತಿಂಗಳ 15ರೊಳಗೆ ಅರ್ಜಿ ತಲುಪಿ, ಉಳಿದ ಕೆಲಸವೂ ಸಕಾಲದಲ್ಲಿ ಮುಗಿದರೆ ನೆರವು ನಡುವೆ ಕಡಿಯುವುದಿಲ್ಲ. ಆ ದಿನಾಂಕವನ್ನು ಅವರ ಅಡುಗೆಮನೆಯ ಪಂಚಾಂಗದ ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ. ಕಚೇರಿಯ ದೂರವಾಣಿ ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ ಕನ್ನಡದಲ್ಲಿಯೇ 'ಊಟದ ಆಫೀಸು' ಎಂದು ಉಳಿಸಿದ್ದೇವೆ. ಇಂಥ ಪತ್ರ ಮನೆಗೆ ಬಂದು, ಏನೆಂದು ತಿಳಿಯದೆ ಕುಳಿತವರು ಯಾರಾದರೂ ಇದ್ದರೆ ಕೂಟದ ಸ್ವಯಂಸೇವಕರಿಗೆ ಒಂದು ಮಾತು ಹೇಳಿ. ವಿಷಯ ನಮ್ಮಲ್ಲಿಯೇ ಉಳಿಯುತ್ತದೆ.